ವರ್ಡ್‌ಸ್ಟಾರೋ, ವಿಂಡೋಸ್‌ನ ವರ್ಡೋ? ಕ್ರಯಪತ್ರ ಟೈಪ್ ಮಾಡಿದವನ ಲೆಕ್ಕ

ಬೆರಳು ನೋಡದೆ ಟೈಪ್ ಮಾಡುವವರಿಗೆ ಡಾಸ್‌ನ (ವಿಂಡೋಸ್‌ಗೂ ಮುಂಚಿನ, ಕೀಬೋರ್ಡಿನಲ್ಲೇ ಆದೇಶ ಕೊಡುವ ವ್ಯವಸ್ಥೆ) ವರ್ಡ್‌ಸ್ಟಾರ್ 4 ಎಂಬ ಟೈಪಿಂಗ್ ತಂತ್ರಾಂಶಕ್ಕೆ ಸಾಟಿ ಇಲ್ಲ. ಮೈಸೂರಿನ ಕೋರ್ಟ್ ಹತ್ತಿರದ ಜಾಬ್ ಟೈಪಿಂಗ್ ಅಂಗಡಿಯಲ್ಲಿ ಅದನ್ನೂ ವಿಂಡೋಸ್‌ನ ವರ್ಡ್ 6 ಅನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿ ಈ ಮಾತು ಹೇಳುತ್ತಿದ್ದೇನೆ. ಕೆಲಸ ಅಂದರೆ ಕ್ರಯಪತ್ರ, ಬಾಡಿಗೆ ಕರಾರು, ಅಫಿಡವಿಟ್.

ವರ್ಡ್‌ಸ್ಟಾರ್‌ನಲ್ಲಿ ಕೈ ಕೀಬೋರ್ಡ್ ಬಿಟ್ಟು ಏಳುವುದೇ ಇಲ್ಲ. ಕಂಟ್ರೋಲ್ ಒತ್ತಿ ಇ, ಎಕ್ಸ್, ಎಸ್, ಡಿ ಅಂದರೆ ಕರ್ಸರ್ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ನನಗೆ ತುಂಬಾ ಇಷ್ಟವಾಗಿದ್ದು ಬ್ಲಾಕ್, ಅಂದರೆ ಬೇಕಾದ ಭಾಗಕ್ಕೆ ಗುರುತು ಹಾಕುವುದು. ಚಕ್ಕುಬಂದಿಯ (ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರ) ಶುರುವಿಗೆ ಕಂಟ್ರೋಲ್ ಕೆ ಬಿ, ಕೊನೆಗೆ ಕಂಟ್ರೋಲ್ ಕೆ ಕೆ. ಆಮೇಲೆ ಕರ್ಸರ್ ಎಲ್ಲಿಗೆ ಹೋದರೂ ಆ ಗುರುತು ಹಾಗೇ ಇರುತ್ತದೆ. ದಾರಿಯಲ್ಲಿ ಒಂದು ಹೆಸರು ತಿದ್ದಿ, ಕೊನೇ ಪುಟಕ್ಕೆ ಹೋಗಿ ಕಂಟ್ರೋಲ್ ಕೆ ಸಿ ಒತ್ತಿದರೆ ನಕಲು ಅಲ್ಲಿ ಬಂದು ಕೂರುತ್ತದೆ. ವರ್ಡ್‌ನಲ್ಲಿ ಆಯ್ದ ಭಾಗದ ಮೇಲೆ ಒಂದು ಅಕ್ಷರ ಒತ್ತಿದರೂ ಅಷ್ಟೂ ಅಳಿಸಿಹೋಗುತ್ತದೆ. ಚಕ್ಕುಬಂದಿ ತಪ್ಪಿದರೆ ಜಮೀನೇ ತಪ್ಪಿದ ಹಾಗೆ, ಅಲ್ವಾ? ಆದರೆ ಅಂಡೂ (ಮಾಡಿದ್ದನ್ನು ರದ್ದು ಮಾಡುವುದು) ವಿಷಯದಲ್ಲಿ ವರ್ಡ್ ಮುಂದೆ. ಒಂದರ ಹಿಂದೊಂದು ಹಲವು ಹೆಜ್ಜೆ ವಾಪಸ್ ಹೋಗಬಹುದು. ವರ್ಡ್‌ಸ್ಟಾರ್‌ನಲ್ಲಿ ಕೊನೆಗೆ ಅಳಿಸಿದ್ದು ಮಾತ್ರ ಬರುತ್ತದೆ.

ಪ್ರಿಂಟ್? ಸೂಜಿಗಳಿಂದ ರಿಬ್ಬನ್ ಮೇಲೆ ಹೊಡೆದು ಅಚ್ಚು ಹಾಕುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದರೆ ಡಾಸ್ ಸರಿ. ಅದು ಪ್ರಿಂಟರ್‌ನ ಒಳಗಿರುವ ಅಕ್ಷರಗಳನ್ನೇ ಬಳಸುತ್ತದೆ, ಸರಸರ ಹೊಡೆಯುತ್ತದೆ. ವಿಂಡೋಸ್ ತನ್ನದೇ ಟ್ರೂಟೈಪ್ ಫಾಂಟ್‌ನ ಅಕ್ಷರಗಳನ್ನು ಚಿತ್ರದ ಹಾಗೆ ಕಳಿಸುವುದರಿಂದ ನಿಧಾನ. ಲೇಸರ್ ಬಂದ ಮೇಲೆ ಈ ಜಗಳವೇ ಇಲ್ಲ.

ಕನ್ನಡಕ್ಕೆ ಬಂದರೆ ತಕ್ಕಡಿ ಪೂರ್ತಿ ವಿಂಡೋಸ್ ಕಡೆ ವಾಲುತ್ತದೆ. ಡಾಸ್‌ನ ವರ್ಡ್‌ಸ್ಟಾರ್‌ನಲ್ಲಿ ಕನ್ನಡ ಬೇಕಿದ್ದರೆ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು (ಭಾರತೀಯ ಭಾಷೆಗಳ ಅಕ್ಷರ ತೋರಿಸುವ ಸರ್ಕ್ಯೂಟ್ ಹಲಗೆ) ಕಂಪ್ಯೂಟರ್ ಒಳಗೇ ಕೂರಿಸಬೇಕಿತ್ತು. 1998ರಲ್ಲಿ ವಿಂಡೋಸ್‌ನಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರ 'ಬರಹ' ಬಂತು. ಯಾವ ಕಾರ್ಡೂ ಬೇಡ, ತಂತ್ರಾಂಶ ಹಾಕಿದರೆ ಸಾಕು. ಕಕ್ಷಿದಾರನಿಗೆ ಅವನ ಭಾಷೆಯಲ್ಲೇ ಪತ್ರ ಕೊಡಬಹುದು ಅಂದರೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ನಾನು ಬದಲಾಗಿದ್ದು ಅದಕ್ಕೇ. ಇಂಗ್ಲಿಷ್ ಕರಡಿಗೆ ಮಾತ್ರ ಡಾಸ್ ಉಳಿಸಿಕೊಂಡೆ.

ಹಳೇ ಫೈಲುಗಳನ್ನು ವಿಂಡೋಸ್‌ಗೆ ತರುವವರು ಅವನ್ನು ನೋಟ್‌ಪ್ಯಾಡ್‌ನಲ್ಲಿ ನೋಡಿ ಗಾಬರಿಯಾಗಬೇಡಿ. ವರ್ಡ್‌ಸ್ಟಾರ್ 4 ಪದದ ಕೊನೇ ಅಕ್ಷರದ ಎಂಟನೇ ಬಿಟ್ (ಅಕ್ಷರದ ಸಂಕೇತದ ಒಂದು ಅಂಕಿ) ಬದಲಿಸಿ ಇಡುತ್ತದೆ. ಅದಕ್ಕೇ ಅಲ್ಲಲ್ಲಿ ವಿಚಿತ್ರ ಚಿಹ್ನೆ ಕಾಣುತ್ತದೆ, ಫೈಲಿನಲ್ಲಿರುವ ವಿಷಯ ಕೆಟ್ಟಿರುವುದಿಲ್ಲ. ವರ್ಡ್‌ಸ್ಟಾರ್ ಫೈಲನ್ನು ವರ್ಡ್‌ನ ರೂಪಕ್ಕೆ ತರುವ ಕನ್ವರ್ಟರ್ ಹಾಕಿಕೊಂಡು ತೆರೆಯಿರಿ, ಬೇರೆ ಹೆಸರಲ್ಲಿ ಸೇವ್ ಮಾಡಿ. ಮೂಲ ಫ್ಲಾಪಿ ಮುಟ್ಟಬೇಡಿ.