ಮೂರು ಪುಟ್ಟ ರೇಡಿಯೊ, ಒಂದೇ ಡೈಪೋಲ್, ಸಂಜೆ ಏಳು ಗಂಟೆ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಸಿಕ್ಕಿದ ಹುಡುಗರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಅಗ್ಗದಲ್ಲಿ ಒಂದು ಎಚ್‌ಎಫ್ ಸೆಟ್ ಹೇಳಿ ಸರ್." ಅಂದರೆ ಶಾರ್ಟ್‌ವೇವ್‌ನಲ್ಲಿ ಕೇಳಲೂ ಮಾತಾಡಲೂ ಆಗುವ ರೇಡಿಯೊ. ಹೋದ ವರ್ಷದ ತನಕ ನಾನು ಯಾವುದೋ ಒಂದು ಹೆಸರು ಹೇಳಿ ಸುಮ್ಮನಾಗುತ್ತಿದ್ದೆ. ಈಗ ಒಂದು ಮಾತು ಸೇರಿಸುತ್ತೇನೆ: ಹಗಲು ಹನ್ನೊಂದು ಗಂಟೆಗೆ ಪರೀಕ್ಷೆ ಮಾಡಿ ಕೊಳ್ಳಬೇಡಿ, ಸಂಜೆ ಏಳಕ್ಕೆ 40 ಮೀಟರ್ ಬ್ಯಾಂಡಿನಲ್ಲಿ ಕಿವಿ ಕೊಟ್ಟು ನೋಡಿ.

ಯಾಕೆ ಅಂದರೆ, ಈ ಬ್ಯಾಂಡಿನಲ್ಲಿ ನಮಗೆ ಸಿಕ್ಕಿರುವುದು 7.0ರಿಂದ 7.2 ಮೆಗಾಹರ್ಟ್ಝ್. 7.2 ದಾಟಿದರೆ ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳ ಜಾಗ. ಹಗಲಲ್ಲಿ ಅವು ಅಷ್ಟಾಗಿ ಕೇಳಿಸುವುದಿಲ್ಲ. ಕತ್ತಲಾಗುತ್ತಿದ್ದ ಹಾಗೆ ದೂರದ ಕೇಂದ್ರಗಳೆಲ್ಲ ಎದ್ದು, ಜಾತ್ರೆಯಲ್ಲಿ ಹತ್ತು ಅಂಗಡಿ ಒಟ್ಟಿಗೆ ಮೈಕ್ ಹಾಕಿದ ಹಾಗೆ ಕೂಗುತ್ತವೆ. ಅವು ನೂರಾರು ಕಿಲೋವ್ಯಾಟ್. ಗೋಡೆಯ ಈ ಕಡೆ ನಾವು ಐದು ವ್ಯಾಟಿನವರು ಪಿಸುಗುಟ್ಟುತ್ತಾ ಕೂತಿರುತ್ತೇವೆ. ಅಗ್ಗದ ಸೆಟ್ಟಿನ ಬಂಡವಾಳ ಬಯಲಾಗುವುದು ಇಲ್ಲಿ.

ನನ್ನ ಮನೆ ಮೈಸೂರಿನ ಕುವೆಂಪುನಗರದಲ್ಲಿ, ಮೂವತ್ತು ನಲವತ್ತರ ಸೈಟು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಲು ಶುರು ಮಾಡಿದ ಊರು ಇದು. ಅವರ ಕಾಲದಲ್ಲಿ ಎಲ್‌ಇಡಿ ಬಲ್ಬು, ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್ ಇರಲಿಲ್ಲ. ಈಗ ನನ್ನ ತಾರಸಿಯ ಆಂಟೆನಾದಲ್ಲಿ ಅವುಗಳ ಗುಂಯ್‌ಗುಡುವಿಕೆ ಬಿಟ್ಟರೆ ಬೇರೇನೂ ಸರಿಯಾಗಿ ಕೇಳಲ್ಲ. ಅದಕ್ಕೇ ಶನಿವಾರ ಬಂದರೆ ಪಾಂಡವಪುರದ ಹತ್ತಿರ ಅಣ್ಣನ ತೋಟಕ್ಕೆ ಹೋಗುವುದು. ಬೈಕಿನಲ್ಲಿ ಒಯ್ಯುವಂಥ ಸೆಟ್ ಬೇಕಿತ್ತು. ಹೈದರಾಬಾದಿನ ಅಶರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್40 ಇಷ್ಟು ದಿನ ಜೊತೆಗಿತ್ತು. ಆದರೆ ಅದು ಒಂದೇ ಬ್ಯಾಂಡು.

ಮೂರು ಸೆಟ್ ಕೈಗೆ ಬಂದವು. ಒಂದು, ಟ್ರು-ಯುಎಸ್‌ಡಿಎಕ್ಸ್. ಎರಡು, ಕ್ಯೂಆರ್‌ಪಿ ಲ್ಯಾಬ್ಸ್‌ನ ಕ್ಯೂಎಂಎಕ್ಸ್. ಇವೆರಡೂ ನಾನೇ ಕಿಟ್ ತರಿಸಿ ಜೋಡಿಸಿದವು. ಮೂರನೆಯದು ಶಿಯೆಗು ಜಿ90. ಅದು ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರದು, ನನಗೆ ಹ್ಯಾಮ್ ಹುಚ್ಚು ಹಿಡಿಸಿದವರು. "ಒಂದು ತಿಂಗಳು ಇಟ್ಕೊಳ್ಳಿ, ಆದ್ರೆ ತೋಟದ ಮಣ್ಣು ಮಾತ್ರ ತಗಲಿಸಬೇಡಿ" ಅಂತ ಹೇಳಿ ಕೊಟ್ಟರು. ಬೆಲೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಎರಡು ಕಿಟ್ಟಿನ ಬೆಲೆ ಸೇರಿಸಿದರೂ ಜಿ90ಯ ಅರ್ಧ ಆಗುವುದಿಲ್ಲ. ಹಾಗಾಗಿ ಇದು ಸಮಜೋಡಿ ಕುಸ್ತಿ ಅಲ್ಲ. ಆದರೂ ಕೊಳ್ಳುವವರ ತಲೆಯಲ್ಲಿ ಓಡುವುದು ಇದೇ ಲೆಕ್ಕ ಅಲ್ವಾ? "ಇನ್ನೊಂದಿಷ್ಟು ದುಡ್ಡು ಕೂಡಿಸಿ ದೊಡ್ಡದನ್ನೇ ತಗೊಂಡ್ರೆ ಹೇಗೆ" ಅಂತ.

ಮೊದಲೆರಡು ಒಂದು ರೀತಿಯಲ್ಲಿ ದಾಯಾದಿಗಳು. ಹ್ಯಾನ್ಸ್ ಸಮ್ಮರ್ಸ್ ಅವರ ಕ್ಯೂಸಿಎಕ್ಸ್ ಅನ್ನೋ ಮೋರ್ಸ್ ಕಿಟ್ 2017ರಲ್ಲಿ ಬಂತು. ನೆದರ್‌ಲ್ಯಾಂಡ್ಸಿನ ಗೈಡೊ ಅದನ್ನು ಸ್ವಲ್ಪ ಮಾರ್ಪಡಿಸಿ ಮಾತಾಡಿಸಿದರು. ಆ ಕವಲಿಂದ ಬೆಳೆದದ್ದು ಯುಎಸ್‌ಡಿಎಕ್ಸ್. ಜರ್ಮನಿಯ ಮ್ಯಾನುಯೆಲ್ ಜೊತೆ ಸೇರಿ ಅದನ್ನೇ ಅಂಗೈಯಗಲದ ಡಬ್ಬಿಗೆ ಇಳಿಸಿದ್ದು ಟ್ರು-ಯುಎಸ್‌ಡಿಎಕ್ಸ್. ಸಮ್ಮರ್ಸ್ ಇತ್ತ ತಮ್ಮದೇ ದಾರಿಯಲ್ಲಿ ನಡೆದು 2023ರಲ್ಲಿ ಕ್ಯೂಎಂಎಕ್ಸ್ ತಂದರು. ಎರಡರಲ್ಲೂ ಸಿಗ್ನಲ್ ಹೊರಡಿಸುವ ಕೊನೆಯ ಹಂತದಲ್ಲಿ ದುಡಿಯುವುದು ಬಿಎಸ್170 ಅನ್ನುವ ಕಡಲೆಬೀಜದಷ್ಟು ಟ್ರಾನ್ಸಿಸ್ಟರು. ಸಿಕ್ಕುವುದು ಸುಮಾರು ಐದು ವ್ಯಾಟ್.

ಜೋಡಿಸುವ ಕೆಲಸದ ಬಗ್ಗೆ ಎರಡು ಮಾತು. ಸಣ್ಣ ಸಣ್ಣ ಬಿಡಿಭಾಗಗಳನ್ನು ಕಾರ್ಖಾನೆಯಲ್ಲೇ ಬೆಸೆದು ಕಳಿಸಿರುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಮುಖ್ಯವಾಗಿ ಟೊರಾಯ್ಡ್ ಸುತ್ತುವುದು, ಅಂದರೆ ಬಳೆಯಂಥ ಪುಟ್ಟ ಕಾಂತೀಯ ಉಂಗುರಕ್ಕೆ ತಂತಿ ಸುತ್ತುವುದು. ಟ್ರು-ಯುಎಸ್‌ಡಿಎಕ್ಸ್ ಒಂದು ಮಧ್ಯಾಹ್ನದ ಕೆಲಸ. ಕ್ಯೂಎಂಎಕ್ಸ್ ಎರಡು ಭಾನುವಾರ ತಿಂದಿತು. ಪಕ್ಕದಲ್ಲೇ ಮಲ್ಲಿಗೆ ಮೊಗ್ಗು ಕಟ್ಟುತ್ತಾ ಕೂತಿದ್ದ ಅಮ್ಮ, ನಾನು ಮೂರನೇ ಸಲ ತಂತಿ ಬಿಚ್ಚಿದ್ದು ನೋಡಿ, "ಎಣಿಸ್ಕೊಂಡು ಸುತ್ತೋ, ಮಾತಾಡ್ಕೊಂಡು ಸುತ್ತಬೇಡ" ಅಂದರು. ಅಷ್ಟೇ ಸಾಕಾಯಿತು. ಕ್ಯೂಎಂಎಕ್ಸ್ ಕಿಟ್ಟಿಗೆ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆ ಸೂಚನೆ ನನ್ನ ಹತ್ತಿರ ಇಲ್ಲ.

ಇನ್ನು ತೋಟ. ತೆಂಗಿನ ಮರಕ್ಕೆ ಹಗ್ಗ ಎಸೆದು, ನಡು ಭಾಗ ಮೇಲಕ್ಕೆಳೆದು, ಎರಡು ತುದಿ ಇಳಿಜಾರಾಗಿ ಕಟ್ಟಿದ 40 ಮೀಟರ್ ಬ್ಯಾಂಡಿನ ಡೈಪೋಲ್, ಅಂದರೆ ನಡುವಿಂದ ಎರಡು ಕಡೆ ಚಾಚಿದ ತಂತಿ ಆಂಟೆನಾ. ತಂತಿಯ ಒಟ್ಟು ಉದ್ದ ಸುಮಾರು 20 ಮೀಟರ್. ಮೂರಕ್ಕೂ ಅದೇ ಆಂಟೆನಾ, ಅದೇ ಕೋಆಕ್ಸ್ ಕೇಬಲ್. ನಡುವೆ ಒಂದು ಸ್ವಿಚ್ ಹಾಕಿ ಸೆಟ್ ಬದಲಿಸಿಕೊಂಡೆ. ನೆನಪಿನ ಮೇಲೆ ಹೋಲಿಸಿದರೆ ಕೊನೆಗೆ ಕೇಳಿದ್ದೇ ಚೆನ್ನಾಗಿದೆ ಅನ್ನಿಸುತ್ತದೆ.

ಹಗಲಿನ ಕಥೆ ಬೇಗ ಮುಗಿಯುತ್ತದೆ. ಹೈದರಾಬಾದ್, ಚೆನ್ನೈ, ಕೇರಳದ ಸ್ಟೇಷನ್‌ಗಳು ಮೂರರಲ್ಲೂ ಸಲೀಸಾಗಿ ಕೇಳಿದವು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬಂದಾಗ ಸ್ಟಾರ್ಟರ್ ಬಿದ್ದು ಟಪ್ ಅನ್ನುತ್ತಿತ್ತು, ಅದೂ ಮೂರರಲ್ಲೂ ಒಂದೇ. ಇಷ್ಟೇ ನೋಡಿ ಎದ್ದು ಬಂದಿದ್ದರೆ ಅತಿ ಅಗ್ಗದ ಟ್ರು-ಯುಎಸ್‌ಡಿಎಕ್ಸ್‌ಗೇ ನನ್ನ ಓಟು ಬೀಳುತ್ತಿತ್ತು. 140 ಗ್ರಾಂ ತೂಕ. ಮೈಕು, ಸ್ಪೀಕರು ಎರಡೂ ಒಳಗೇ ಇವೆ. ಜೇಬಿಗೆ ಹಾಕಿಕೊಂಡು ಗದ್ದೆ ಬದುವಿನ ಮೇಲೆ ನಡೆದು ಹೋಗಬಹುದು.

ಸಂಜೆ ಆಯಿತು.

ಟ್ರು-ಯುಎಸ್‌ಡಿಎಕ್ಸ್‌ನಲ್ಲಿ 7.1ರ ಆಸುಪಾಸು ಒಂದು ಇಂಡೋನೇಷ್ಯಾದ ಸ್ಟೇಷನ್ ಕೇಳುತ್ತಿದೆ ಅಂತ ಗುಮಾನಿ. ಅದರ ಹಿಂದೆ ಯಾವುದೋ ಭಾಷೆಯ ವಾರ್ತೆ, ಅದರ ಹಿಂದೆ ಹಾಡು. ಡಯಲ್ ಎಷ್ಟು ತಿರುಗಿಸಿದರೂ ಆ ಹಾಡು ಜಾಗ ಬಿಟ್ಟು ಕದಲಲಿಲ್ಲ. ಅಂದರೆ ಅದು ಆ ಫ್ರೀಕ್ವೆನ್ಸಿಯಲ್ಲಿ ಇರುವ ಸ್ಟೇಷನ್ ಅಲ್ಲ, ಪಕ್ಕದ ಮನೆಯ ಗಲಾಟೆ ಗೋಡೆ ತೂರಿ ಬರುತ್ತಿರುವುದು. ಇದರಲ್ಲಿ ಅಚ್ಚರಿ ಏನಿಲ್ಲ. ಇಡೀ ಸೆಟ್ಟನ್ನು ನಡೆಸುತ್ತಿರುವುದು ಎಟಿಮೆಗಾ328 ಅನ್ನುವ 8 ಬಿಟ್ ಚಿಪ್. ಶಾಲಾ ಮಕ್ಕಳು ಎಲ್‌ಇಡಿ ಮಿನುಗಿಸುವ ಆರ್ಡುಯಿನೊ ಊನೊದಲ್ಲಿ ಇರುವುದೂ ಅದೇ. ಆಂಟೆನಾದಿಂದ ಬಂದದ್ದನ್ನು ಅಂಕಿಯಾಗಿ ಅಳೆಯಲು ಅದರ ಹತ್ತಿರ ಇರುವ ಅಳತೆಗೋಲು 10 ಬಿಟ್ಟಿನದು, 1024 ಮೆಟ್ಟಿಲು. ದೊಡ್ಡ ಸದ್ದು ಆ ಮೆಟ್ಟಿಲನ್ನೆಲ್ಲ ಆಕ್ರಮಿಸಿಕೊಂಡರೆ ಸಣ್ಣ ದನಿಗೆ ನಿಲ್ಲಲು ಜಾಗ ಎಲ್ಲಿ? ಬರುವ ಸಿಗ್ನಲ್ಲನ್ನೆಲ್ಲ ತಗ್ಗಿಸುವ ಅಟೆನ್ಯುಯೇಟರ್ ಹಾಕಿದೆ. ವಾರ್ತೆ ತಗ್ಗಿತು, ಇಂಡೋನೇಷ್ಯಾನೂ ತಗ್ಗಿತು. ಹಾಗಂತ ಮಾಡಿದವರನ್ನು ಬೈಯುವ ಹಾಗಿಲ್ಲ. ಆ ಚಿಪ್ಪಿನಿಂದ ಇಷ್ಟು ಹಿಂಡಿದ್ದೇ ಒಂದು ಪವಾಡ.

ಸ್ವಿಚ್ ತಿರುಗಿಸಿ ಕ್ಯೂಎಂಎಕ್ಸ್‌ಗೆ ಬಂದೆ. ಒಂದು ಕ್ಷಣ ಆಂಟೆನಾ ಕಳಚಿಕೊಂಡಿತೇನೋ ಅನ್ನಿಸಿತು, ಅಷ್ಟು ತಣ್ಣಗಿತ್ತು. ನಿಧಾನಕ್ಕೆ ಇಂಡೋನೇಷ್ಯಾದವನ ದನಿ ಮೇಲೆದ್ದಿತು, ಹಿಂದೆ ಯಾರೂ ಇಲ್ಲ. ಇಲ್ಲಿರುವುದು 32 ಬಿಟ್ ಪ್ರೊಸೆಸರ್, ಅಳೆಯುವುದಕ್ಕೆ 24 ಬಿಟ್ಟಿನ ಬೇರೆ ಚಿಪ್ಪು. ಮುಂದೆ ಬೇಡದ್ದನ್ನು ತಡೆಯುವ ಜರಡಿ (ಫಿಲ್ಟರ್). ಇಯರ್‌ಫೋನ್ ತೆಗೆದು ಅಣ್ಣನ ಕಿವಿಗೆ ಇಟ್ಟೆ. ಅವನಿಗೆ ರೇಡಿಯೊ ಅಂದರೆ ಆಕಾಶವಾಣಿ ಮೈಸೂರು 100.6, ಅಷ್ಟೇ.

"ಯಾರ್ಲಾ ಅವ್ನು? ಎಲ್ಲಿಂದ ಮಾತಾಡ್ತಾವ್ನೆ?"

"ಇಂಡೋನೇಷ್ಯಾ ಕಣಣ್ಣ."

"ಮೂರ್ ಡಬ್ಬಿ ಇಟ್ಕಂಡು ಅವುನ್ನ ಹುಡುಕ್ತಿದ್ದ? ಫೋನ್ ಮಾಡುದ್ರೆ ಆಗಕಿಲ್ವಾ?"

ಇದಕ್ಕೆ ಉತ್ತರ ನನಗಿನ್ನೂ ಹೊಳೆದಿಲ್ಲ.

ಜಿ90 ಕೂಡ ಆ ಹೊತ್ತಿನಲ್ಲಿ ಗಟ್ಟಿಯಾಗಿ ನಿಂತಿತು. ಕಿವಿಯ ಮಟ್ಟಿಗೆ ಅದಕ್ಕೂ ಕ್ಯೂಎಂಎಕ್ಸ್‌ಗೂ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಮೋರ್ಸ್ ಕೇಳುವಾಗ ಕ್ಯೂಎಂಎಕ್ಸ್ ಒಂದು ಕೂದಲೆಳೆ ಮುಂದೆ ಅಂತಲೇ ಹೇಳುತ್ತೇನೆ. ಆದರೆ ಜಿ90ಗೆ ಕಣ್ಣಿದೆ. 1.8 ಇಂಚಿನ ಬಣ್ಣದ ಪರದೆಯ ಮೇಲೆ, ನಾವಿರುವ ಜಾಗದಿಂದ ಆಚೆ ಈಚೆ 24 ಕಿಲೋಹರ್ಟ್ಝ್‌ವರೆಗೆ ಏನೇನಿದೆ ಅಂತ ವಾಟರ್‌ಫಾಲ್ ತೋರಿಸುತ್ತದೆ. 7.190ರಲ್ಲಿ ನಿಂತರೆ ಬಲಗಡೆ ಪ್ರಸಾರ ಕೇಂದ್ರಗಳು ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿದ್ದವು. ಕ್ಯೂಎಂಎಕ್ಸ್‌ಗೆ ಹದಿನಾರು ಅಕ್ಷರದ ಎರಡು ಸಾಲಿನ ಎಲ್‌ಸಿಡಿ. ಎಲ್ಲಿ ಯಾರಿದ್ದಾರೆ ಅಂತ ಕತ್ತಲಲ್ಲಿ ತಡಕಾಡಿಕೊಂಡೇ ಹೋಗಬೇಕು. ಒಳಗೆ ಸ್ಪೀಕರ್ ಕೂಡ ಇಲ್ಲ.

ಮಾತಾಡುವ ವಿಷಯಕ್ಕೆ ಬಂದರೆ ನನ್ನ ಲೆಕ್ಕ ಸ್ವಲ್ಪ ತಲೆಕೆಳಗಾಯಿತು. 5 ವ್ಯಾಟಿಂದ 20 ವ್ಯಾಟಿಗೆ ಹೋದರೆ 6 ಡೆಸಿಬಲ್, ಅಂದರೆ ಆ ಕಡೆಯವರ ಮೀಟರಿನಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಎಸ್ ಗುರುತುಗಳಲ್ಲಿ ಒಂದೇ ಒಂದು ಮನೆ. "ಒಂದು ಮನೆಗೋಸ್ಕರ ಇಷ್ಟು ದುಡ್ಡಾ" ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೆ. ಭಾನುವಾರ ಬೆಳಿಗ್ಗೆ ಚೆನ್ನೈಯ ಒಬ್ಬರನ್ನು ಕ್ಯೂಎಂಎಕ್ಸ್‌ನಲ್ಲಿ ನಾಲ್ಕು ಸಲ ಕರೆದೆ. ಅವರಿಗೆ ಯಾರೋ ಇದ್ದಾರೆ ಅಂತ ಗೊತ್ತಾಯಿತು, ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು, ಅಂದರೆ ಕಾಲ್‌ಸೈನ್ ಹತ್ತಲಿಲ್ಲ. ಜಿ90ಗೆ ತಿರುಗಿಸಿ ಒಂದೇ ಸಲ ಕರೆದೆ. ಪೂರ್ತಿ ಕಾಲ್‌ಸೈನ್, ಹೆಸರು, ಊರು ಎಲ್ಲ ಹೋಯಿತು. ಅವರ ಕಡೆಯ ಗದ್ದಲ ನನ್ನ ದನಿಯಷ್ಟೇ ಎತ್ತರದಲ್ಲಿತ್ತು, ಆ ಒಂದು ಮನೆ ಮೇಲೆದ್ದರೆ ತಲೆ ಕಾಣುತ್ತದೆ. ನೀರು ಗಲ್ಲದ ತನಕ ಬಂದವನಿಗೆ ಒಂದು ಅಡಿ ಎತ್ತರದ ಕಲ್ಲು ಸಿಕ್ಕ ಹಾಗೆ. ಮಾತೇ ಮುಖ್ಯ ಅನ್ನುವವರಿಗೆ ಐದು ವ್ಯಾಟ್ ಕೊಡಿಸಿ ನಿರಾಸೆ ಮಾಡಬಾರದು ಅಂತ ಈಗ ನನಗನ್ನಿಸುತ್ತದೆ.

ದನಿಯ ಗುಣವೂ ಅಷ್ಟೇ. ಕ್ಯೂಎಂಎಕ್ಸ್ ಮೊದಲು ಬಂದಾಗ ಬರೀ ಮೋರ್ಸು ಮತ್ತು ಡಿಜಿಟಲ್. ಮಾತು ಆಮೇಲೆ ಸೆಟ್ಟಿನೊಳಗಿನ ತಂತ್ರಾಂಶದಲ್ಲಿ, ಅಂದರೆ ಫರ್ಮ್‌ವೇರ್‌ನಲ್ಲಿ ಬಂತು. ಯುಎಸ್‌ಬಿ ಕೇಬಲ್ ಹಾಕಿದರೆ ಸೆಟ್ಟು ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಥರ ಕಾಣುತ್ತದೆ, ಫೈಲ್ ಕಾಪಿ ಮಾಡಿದರೆ ಮುಗಿಯಿತು. ಮೂಗನಂತಿದ್ದ ಸೆಟ್ಟು ಒಂದು ಬೆಸುಗೆಯೂ ಇಲ್ಲದೆ ಮಾತಾಡಲು ಕಲಿಯಿತು. ಸಾಫ್ಟ್‌ವೇರ್ ರೇಡಿಯೊ ಅಂದರೆ ಏನು ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಹೊರಗಿನ ಮೈಕ್ ಜೋಡಿಸಿದ ಮೇಲೆ "ದನಿ ಸ್ವಚ್ಛವಾಗಿದೆ" ಅಂತ ರಿಪೋರ್ಟ್ ಸಿಕ್ಕಿತು. ಟ್ರು-ಯುಎಸ್‌ಡಿಎಕ್ಸ್ ಬಗ್ಗೆ "ನೆಗಡಿ ಆಗಿದ್ಯಾ" ಅಂತ ಕೇಳಿದರು.

ಎಫ್‌ಟಿ8ರಲ್ಲಿ ಆಟ ಪೂರ್ತಿ ಬೇರೆ. 2017ರಲ್ಲಿ ಸ್ಟೀವ್ ಫ್ರಾಂಕೆ ಮತ್ತು ನೊಬೆಲ್ ಪಡೆದ ಭೌತವಿಜ್ಞಾನಿ ಜೋ ಟೇಲರ್ ಸೇರಿ ಮಾಡಿದ ಈ ಡಿಜಿಟಲ್ ವಿಧಾನದಲ್ಲಿ ಕಂಪ್ಯೂಟರುಗಳೇ ಪುಟ್ಟ ಸಂದೇಶ ಕಳಿಸಿಕೊಳ್ಳುತ್ತವೆ, ಹದಿನೈದು ಸೆಕೆಂಡಿಗೊಂದು ಸರದಿ. ಕಿವಿಗೆ ಕೇಳಿಸದಷ್ಟು ಕ್ಷೀಣವಾದದ್ದನ್ನೂ ಕಂಪ್ಯೂಟರ್ ಓದುತ್ತದೆ. ಇಲ್ಲಿ ಕ್ಯೂಎಂಎಕ್ಸ್ ಉಳಿದೆರಡನ್ನೂ ಮೂಲೆಗೆ ಕೂರಿಸಿತು. ಒಂದೇ ಕೇಬಲ್, ಸೌಂಡ್‌ಕಾರ್ಡ್ ಒಳಗೇ ಇದೆ. 20 ಮೀಟರ್ ಬ್ಯಾಂಡಿನ 14.074ಕ್ಕೆ ಇಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ, ನಮ್ಮ ಸಿಗ್ನಲ್ ಎಲ್ಲೆಲ್ಲಿ ಕೇಳಿತು ಅಂತ ತೋರಿಸುವ ಪಿಎಸ್‌ಕೆ ರಿಪೋರ್ಟರ್ ನಕ್ಷೆಯಲ್ಲಿ ಯುರೋಪು, ಜಪಾನು ಎರಡೂ ಕಡೆ ಚುಕ್ಕಿ ಬಿದ್ದಿದ್ದವು. (40ರ ಡೈಪೋಲ್ 20ಕ್ಕೆ ಒಗ್ಗುವುದಿಲ್ಲ, ಅದಕ್ಕೆ ಬೇರೆ ತಂತಿ ಕಟ್ಟಿದ್ದೆ. ಜಿ90ಯಲ್ಲಿ ಆಂಟೆನಾ ಟ್ಯೂನರ್ ಒಳಗೇ ಇರುವುದರಿಂದ ಈ ತಾಪತ್ರಯ ಕಡಿಮೆ. ಕೈಗೆ ಸಿಕ್ಕ ತಂತಿಯನ್ನೂ ಅದು ಒಪ್ಪಿಸಿಕೊಳ್ಳುತ್ತದೆ.) ಜಿ90ಗೆ ಎಫ್‌ಟಿ8 ಮಾಡಲು ಹೊರಗಿನ ಇಂಟರ್‌ಫೇಸ್ ಡಬ್ಬಿ ಬೇಕು, ಇನ್ನೆರಡು ಕೇಬಲ್ ಬೇಕು. 20 ವ್ಯಾಟಿನಲ್ಲಿ ನಡೆಸಿದರೆ ಬೆನ್ನು ಕಾದ ಕಾವಲಿ. ಅರ್ಧಕ್ಕೆ ಇಳಿಸಿದೆ. ಟ್ರು-ಯುಎಸ್‌ಡಿಎಕ್ಸ್ ಒಂದೇ ಕೇಬಲ್‌ನಲ್ಲಿ ಮಾಡುತ್ತದೆ, ಆದರೆ ಲ್ಯಾಪ್‌ಟಾಪಿಗೆ ಅದರದ್ದೇ ಸಹಾಯಕ ಪ್ರೋಗ್ರಾಂ ಹಾಕಿಕೊಳ್ಳಬೇಕು.

ಬ್ಯಾಟರಿ ಬಗ್ಗೆ ಒಂದು ಎಚ್ಚರಿಕೆ. ನನ್ನದು 6 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಪ್ಯಾಕ್. ಪೂರ್ತಿ ಚಾರ್ಜ್ ಆದಾಗ 14 ವೋಲ್ಟ್ ದಾಟುತ್ತದೆ. ಜಿ90 ತಲೆ ಕೆಡಿಸಿಕೊಳ್ಳುವುದಿಲ್ಲ, 16.5 ವೋಲ್ಟ್‌ವರೆಗೂ ಅದು ತಡೆಯುತ್ತದೆ. 12 ವೋಲ್ಟಿಗೆ ಜೋಡಿಸಿದ ಕ್ಯೂಎಂಎಕ್ಸ್‌ಗೆ ಅದು ಅಪಾಯ. ಮೂರು 18650 ಸೆಲ್ ಸಾಲಾಗಿ ಕೂಡಿಸಿ 12.6 ವೋಲ್ಟಿನ ಬೇರೆ ಪ್ಯಾಕ್ ಮಾಡಿಕೊಂಡೆ. ಸುಮ್ಮನೆ ಕೇಳುತ್ತಾ ಕೂತರೆ ಎರಡು ಪುಟ್ಟ ಸೆಟ್ಟುಗಳೂ 80 ಮಿಲಿಆಂಪಿಯರ್ ಆಸುಪಾಸಿನಲ್ಲಿ ಮುಗಿಸುತ್ತವೆ. ಜಿ90 ಅರ್ಧ ಆಂಪಿಯರ್ ಕುಡಿಯುತ್ತದೆ. ಟ್ರಾನ್ಸ್‌ಮಿಟ್ ಒತ್ತಿದರೆ ಇನ್ನೂ ಜಾಸ್ತಿ. ಅದನ್ನು ಒಯ್ಯುವುದು ಅಂದರೆ ದೊಡ್ಡ ಬ್ಯಾಟರಿಯನ್ನೂ ಒಯ್ಯುವುದು. ಬೈಕಿನವನಿಗೆ ಇದು ಸಣ್ಣ ಮಾತಲ್ಲ.

ಬಿಎಸ್170 ಒಂದು ಸುಟ್ಟಿತು, ಅದನ್ನೂ ಹೇಳಬೇಕು. ತಪ್ಪು ನನ್ನದೇ. ಸ್ವಿಚ್ಚಿನ ಖಾಲಿ ತುದಿಗೆ ಟ್ರು-ಯುಎಸ್‌ಡಿಎಕ್ಸ್ ಸಿಕ್ಕಿಸಿ, ಆಂಟೆನಾ ಇದೆ ಅಂದುಕೊಂಡು ಒತ್ತಿದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ಒಂದು ಡಜನ್ ತಂದಿಟ್ಟೆ.

ತಿಂಗಳು ಮುಗಿದು ಜಿ90 ವಾಪಸ್ ಕೊಟ್ಟೆ. ಮಣ್ಣು ಒರೆಸಿಯೇ ಕೊಟ್ಟೆ, ಆದರೂ ಮೇಷ್ಟ್ರು ಹಿಂಬದಿ ತಿರುಗಿಸಿ ನೋಡಿದರು. "ಯಾವುದು ಉಳಿಸ್ಕೊಂಡ್ರಿ?" ಅಂದರು. ಕ್ಯೂಎಂಎಕ್ಸ್ ಅಂದೆ. ನನಗೆ ಮೋರ್ಸು ಮತ್ತು ಎಫ್‌ಟಿ8 ಸಾಕು, ಬೈಕಿನ ಬ್ಯಾಗಿನಲ್ಲಿ ಜಾಗವೂ ಅಷ್ಟೇ ಇರುವುದು. ನನಗೆ ಹರಟೆಯ ಚಟ ಇದ್ದಿದ್ದರೆ ಜಿ90ಗೇ ದುಡ್ಡು ಕೂಡಿಡುತ್ತಿದ್ದೆ ಅಂತಲೂ ಅಂದೆ. ಅವರಿಗೆ ಆ ಎರಡನೇ ಮಾತು ಇಷ್ಟವಾದ ಹಾಗೆ ಕಾಣಿಸಿತು.

ಟ್ರು-ಯುಎಸ್‌ಡಿಎಕ್ಸ್ ಈಗ ತೋಟದ ಮನೆಯಲ್ಲಿದೆ. ಪಿಯುಸಿ ಓದುತ್ತಿರುವ ಅಣ್ಣನ ಮಗ ಸಂಜೆ ಹೊತ್ತು ಅದನ್ನು ಹಚ್ಚಿ ಕೇಳುತ್ತಾನೆ. ಆ ಗಲಾಟೆಯಲ್ಲೇ ಮೋರ್ಸ್ ಹೆಕ್ಕಲು ನೋಡುತ್ತಿದ್ದಾನೆ. ಅದರ ಮೂರು ಬಿಎಸ್170ಗಳನ್ನೂ ಕಿತ್ತು ನನ್ನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಅವಿಲ್ಲದಿದ್ದರೆ ಸೆಟ್ಟಿನಲ್ಲಿ ಕೇಳಬಹುದು, ಮಾತಾಡುವ ಹಾಗಿಲ್ಲ. ಲೈಸೆನ್ಸ್ ಪರೀಕ್ಷೆ ಪಾಸಾದ ದಿನ ಬೆಸುಗೆ ಹಾಕಿಕೊಡುವುದು ಅಂತ ಒಪ್ಪಂದ.