ಟ್ರೋಲಿಂಗ್ ಮೋಟರ್ ಸುಟ್ಟಿದೆ ಅಂದ್ರೆ ತಕ್ಷಣ ನಂಬಬೇಡಿ, ಮೊದಲು ವೈರಿಂಗ್ ಅಳೆಯಿರಿ

ದೋಣಿಯಲ್ಲಿ ಗಾಳ ಹಾಕುವವರಿಗೆ ಒಂದು ಎಚ್ಚರಿಕೆ. ನಿಮ್ಮ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟರ್, ಅಂದರೆ ದೋಣಿಯನ್ನು ಮೆಲ್ಲಗೆ ಓಡಿಸುವ ಬ್ಯಾಟರಿ ಮೋಟರ್, ನೀರಿನಲ್ಲಿ ಸೋತು ಸೋತು ನಿಲ್ಲುತ್ತಿದೆಯಾ? ರಿಪೇರಿಯವರು "ಆರ್ಮೇಚರ್ (ಮೋಟರಿನ ಒಳಗೆ ತಿರುಗುವ ಸುರುಳಿ) ಹೋಗಿದೆ, ಹೊಸದೇ ತಗೊಳ್ಳಿ" ಅಂದರಾ? ದುಡ್ಡು ಕೊಡುವ ಮೊದಲು ಲೋಡ್ ಇರುವಾಗ, ಅಂದರೆ ನೀರಿನಲ್ಲಿ ಜೋರಾಗಿ ಓಡುವಾಗ, ಮೋಟರ್ ಹತ್ತಿರ ಎಷ್ಟು ವೋಲ್ಟ್ ಬರುತ್ತಿದೆ ಅಂತ ಅಳೆಸಿ. ಇದೊಂದನ್ನು ಯಾರೂ ಮಾಡದೆ ನನ್ನಿಂದ ಕಂಟ್ರೋಲ್ ಬೋರ್ಡಿನ (ವೇಗ ನಿಯಂತ್ರಿಸುವ ಸರ್ಕ್ಯೂಟ್) ದುಡ್ಡು ವಸೂಲಿ ಮಾಡಿದರು. ಇನ್ನು ಸ್ವಲ್ಪದರಲ್ಲಿ ಇಡೀ ಮೋಟರಿನ ದುಡ್ಡೂ ಹೋಗುತ್ತಿತ್ತು. ಮೋಟರ್ ಮಾತ್ರ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು.

ನನ್ನದು 12 ವೋಲ್ಟಿನ, 55 ಪೌಂಡ್ ಥ್ರಸ್ಟ್ (ತಳ್ಳುವ ಬಲ) ಮೋಟರ್. ಪೂರ್ತಿ ವೇಗದಲ್ಲಿ ಇಂಥದ್ದು ಸುಮಾರು 50 ಆಂಪ್ಸ್ ಎಳೆಯುತ್ತದೆ. ಮೋಟರ್ ದೋಣಿಯ ಮುಂದಿನ ತುದಿಯಲ್ಲಿ, ಬ್ಯಾಟರಿ ಹಿಂದೆ. ನಡುವೆ ಸುಮಾರು 6 ಮೀಟರ್ ವೈರ್, ಅದೂ ಹಲಗೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ. ಈ ವೈರಿಂಗ್ ಮಾಡಿದ್ದು ಬೋಟಿನ ಸಾಮಾನು ಮಾರಿ, ಫಿಟ್ಟಿಂಗನ್ನೂ ಮಾಡಿಕೊಡುವ ಒಂದು ಅಂಗಡಿ. ಹೆಸರು ಬೇಡ. ಆಮೇಲೆ ಮೋಟರ್ ಕೆಟ್ಟಾಗ ನೋಡಿದವರೂ ಅವರೇ.

ತೊಂದರೆ ಒಂದೇ ಸಲ ಬರಲಿಲ್ಲ. ಮೊದಲು ಪೂರ್ತಿ ವೇಗಕ್ಕೆ ತಿರುಗಿಸಿದರೂ ದೋಣಿ ಮೊದಲಿನಷ್ಟು ಎಳೆಯುತ್ತಿರಲಿಲ್ಲ. ಕಡಿಮೆ ವೇಗದಲ್ಲಿ ಎಲ್ಲಾ ಸರಿ. ಆಮೇಲೆ ಜೋರಾಗಿ ಓಡಿಸಿದ ಕೆಲವೇ ನಿಮಿಷಕ್ಕೆ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ತಾನೇ ಕಟ್ ಮಾಡುವ ಸ್ವಿಚ್) ಬಿದ್ದು ಮೋಟರ್ ನಿಲ್ಲತೊಡಗಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿತ್ತು. ಕೊನೆಗೆ ಗಾಳಿ ಎದ್ದ ಒಂದು ದಿನ, ದಡ ದೂರ ಇರುವಾಗ ಪೂರ್ತಿ ನಿಂತೇ ಹೋಯಿತು. ಗಾಳಿ ದೋಣಿಯನ್ನು ಬಂಡೆಗಳ ಕಡೆ ತಳ್ಳುತ್ತಿತ್ತು. ಲಂಗರು ಇಳಿಸಿ, ಗಾಳಿ ಇಳಿಯುವವರೆಗೆ ಕಾದು, ಹುಟ್ಟು ಹಾಕಿಕೊಂಡು ಬಂದೆವು. ಎಲೆಕ್ಟ್ರಿಕ್ ಮೋಟರ್ ಒಂದನ್ನೇ ನೆಚ್ಚಿ ನೀರಿಗಿಳಿಯುವವರು ಹುಟ್ಟು ಮತ್ತು ಲಂಗರು ಮನೆಯಲ್ಲಿ ಬಿಟ್ಟು ಹೋಗಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ.

ಅಂಗಡಿಯಲ್ಲಿ ಮೊದಲ ಸಲ ಮೋಟರನ್ನು ಸ್ಟ್ಯಾಂಡಿಗೆ ಹಾಕಿ, ಗಾಳಿಯಲ್ಲೇ ತಿರುಗಿಸಿದರು. ಗರ್ರನೆ ತಿರುಗಿತು. "ನೋಡಿ ಸರ್, ಏನೂ ಆಗಿಲ್ಲ" ಅಂತ ವಾಪಸ್ ಕಳಿಸಿದರು. ನೀರಿಗಿಳಿಸಿದರೆ ಮತ್ತೆ ಅದೇ ಕಥೆ. ಎರಡನೇ ಸಲ "ಕಂಟ್ರೋಲ್ ಬೋರ್ಡ್ ವೀಕ್ ಆಗಿದೆ" ಅಂತ ಹೊಸ ಬೋರ್ಡ್ ಹಾಕಿದರು. ಏನೂ ಬದಲಾಗಲಿಲ್ಲ. ಮತ್ತೆ ಹೋದಾಗ "ಬೋರ್ಡ್ ಸರಿ ಇದೆ ಸರ್, ಆರ್ಮೇಚರ್ ಸುಟ್ಟಿದೆ. ರಿಪೇರಿ ಮಾಡಿದ್ರೂ ಪ್ರಯೋಜನ ಇಲ್ಲ, ಹೊಸ ಮೋಟರ್ ತಗೊಳ್ಳಿ" ಅಂದರು. "ಬ್ರೇಕರ್ ಬೀಳೋದು ನಿಲ್ಲಬೇಕು ಅಂದ್ರೆ ಅಲ್ಲೀವರೆಗೆ ದೊಡ್ಡ ಬ್ರೇಕರ್ ಹಾಕ್ಕೊಳ್ಳಿ" ಅಂತ ಬೇರೆ ಸಲಹೆ. ಆ ಸಲಹೆ ಎಷ್ಟು ಅಪಾಯದ್ದು ಅಂತ ಮುಂದೆ ಹೇಳುತ್ತೇನೆ.

ಗಾಳಿಯಲ್ಲಿ ತಿರುಗಿಸಿ ನೋಡುವುದು ಪರೀಕ್ಷೆಯೇ ಅಲ್ಲ. ಪ್ರೊಪೆಲ್ಲರ್‌ಗೆ ತಳ್ಳಲು ನೀರಿಲ್ಲದಿದ್ದರೆ ಮೋಟರ್ ಎಳೆಯುವುದು ಕೆಲವೇ ಆಂಪ್ಸ್. ವೈರಿಂಗಿನಲ್ಲಿ ಎಂಥ ಕೆಟ್ಟ ಜಾಯಿಂಟ್ ಇದ್ದರೂ ಅಷ್ಟು ಕರೆಂಟನ್ನು ಬಿಡುತ್ತದೆ. ನೀರಿಗೆ ಇಳಿದು 40, 50 ಆಂಪ್ಸ್ ಹರಿಯತೊಡಗಿದಾಗಲೇ ಅದರ ಬಂಡವಾಳ ಬಯಲಾಗುವುದು. ಮಲ್ಟಿಮೀಟರಿನ ಬೀಪ್ ಕೂಡ ಹೀಗೇ. ಬೀಪ್ ಬಂತು, ವೈರ್ ಸರಿ ಇದೆ ಅಂತ ಎಷ್ಟೋ ಜನ ಅಲ್ಲಿಗೇ ಬಿಡುತ್ತಾರೆ. ನೂರಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆಯನ್ನು ಓಮ್ಸ್‌ನಲ್ಲಿ ಅಳೆದರೂ ಗೊತ್ತಾಗುವುದಿಲ್ಲ. ಮಾಮೂಲಿ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.1ರಿಂದ 0.3 ಓಮ್ ತೋರಿಸುತ್ತದೆ. ನಮ್ಮ ಮೋಟರ್ ಹಾಳು ಮಾಡುವ ಜಾಯಿಂಟಿನ ರೆಸಿಸ್ಟೆನ್ಸ್ ಅದಕ್ಕಿಂತ ಎಷ್ಟೋ ಕಡಿಮೆ. 0.05 ಓಮ್ ಇದ್ದರೂ ಸಾಕು, 50 ಆಂಪ್ಸ್ ಹರಿದಾಗ ಅಲ್ಲೇ 2.5 ವೋಲ್ಟ್ ಮಾಯ.

ಹೊಸ ಮೋಟರ್ ಕೊಳ್ಳುವ ಮೊದಲು, ಮೋಟರ್ ರಿಪೇರಿಯನ್ನೇ ಕೆಲಸ ಮಾಡಿಕೊಂಡಿರುವ ಗೆಳೆಯನಿಗೆ ತೋರಿಸಿದೆ. ಅವನು ಮಾಡಿದ ಮೊದಲ ಪರೀಕ್ಷೆಗೆ ಮೀಟರೂ ಬೇಕಾಗಲಿಲ್ಲ. ಬ್ಯಾಟರಿ ಬಿಡಿಸಿ, ಮೋಟರಿನಿಂದ ಬರುವ ಎರಡು ದಪ್ಪ ವೈರುಗಳನ್ನು ಬೋರ್ಡಿನಿಂದ ಬೇರೆ ಮಾಡಿದ. "ಈಗ ಫ್ಯಾನ್ (ಪ್ರೊಪೆಲ್ಲರ್) ತಿರುಗಿಸು" ಅಂದ. ಸಲೀಸಾಗಿ ತಿರುಗಿತು. ಆಮೇಲೆ ಆ ಎರಡು ವೈರುಗಳ ತುದಿ ಸೇರಿಸಿ ಹಿಡಿದು, "ಈಗ ತಿರುಗಿಸು ನೋಡೋಣ" ಅಂದ. ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ಗಟ್ಟಿಯಾಯಿತು. ಒಳಗೆ ಪರ್ಮನೆಂಟ್ ಮ್ಯಾಗ್ನೆಟ್ ಇರುವ ಮೋಟರನ್ನು ಕೈಯಲ್ಲಿ ತಿರುಗಿಸಿದರೆ ಅದೇ ಜನರೇಟರ್ ಆಗುತ್ತದೆ. ತುದಿಗಳನ್ನು ಸೇರಿಸಿದರೆ ಕರೆಂಟ್ ಹರಿದು ಬ್ರೇಕ್ ಹಾಕುತ್ತದೆ. ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಕಡಿದಿದ್ದರೆ, ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ತಾಗದೇ ಇದ್ದರೆ ಈ ಹಿಡಿತ ಸಿಗುವುದಿಲ್ಲ. ವೈರ್ ಸೇರಿಸದೆಯೂ ಗಟ್ಟಿಯಾಗಿದ್ದರೆ ಒಳಗೆ ಶಾರ್ಟ್ ಆಗಿರಬಹುದು, ಇಲ್ಲವೇ ಬೇರಿಂಗ್ ಹಿಡಿದಿರಬಹುದು. ನನ್ನದರಲ್ಲಿ ಎರಡೂ ಇರಲಿಲ್ಲ. ಸುಟ್ಟಿದೆ ಅಂದ ಆರ್ಮೇಚರ್‌ಗೆ ಏನೂ ಆಗಿರಲಿಲ್ಲ.

ಮುಂದಿನ ಪರೀಕ್ಷೆ ನೀರಿನಲ್ಲಿ. ದೋಣಿಯನ್ನು ದಡದ ಕಂಬಕ್ಕೆ ಎರಡು ಹಗ್ಗದಿಂದ ಬಿಗಿಯಾಗಿ ಕಟ್ಟಿದೆವು. ನಾನು ವೇಗದ ನಾಬ್ ಹಿಡಿದು ಕೂತೆ, ಅವನು ಮೀಟರ್ ಹಿಡಿದ. ಮೋಟರ್ ಓಡದೇ ಇರುವಾಗ ಬ್ಯಾಟರಿಯಲ್ಲಿ 12.6 ವೋಲ್ಟ್, ಮುಂದೆ ಮೋಟರ್ ಪ್ಲಗ್ಗಿನಲ್ಲೂ 12.6. ಅಂಗಡಿಯವರು ನೋಡಿದ್ದೂ ಇಷ್ಟೇ ಇರಬೇಕು. ಪೂರ್ತಿ ವೇಗ ಕೊಟ್ಟಾಗ ಬ್ಯಾಟರಿಯಲ್ಲಿ 11.9, ಪ್ಲಗ್ಗಿನಲ್ಲಿ 8.7! ಬ್ಯಾಟರಿಯಿಂದ ಹೊರಟ 3.2 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತಿತ್ತು. ಪಾಪ, ಮೋಟರ್ ಏನು ಮಾಡೀತು?

ಎಲ್ಲಿ ಹೋಗುತ್ತಿದೆ ಅಂತ ಹುಡುಕುವುದೂ ಸುಲಭ. ಮೀಟರ್ ಡಿಸಿ ವೋಲ್ಟ್‌ನಲ್ಲೇ ಇರಲಿ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಪ್ಲಗ್ಗಿನ ಪ್ಲಸ್ ಮೇಲೆ. ಮೋಟರ್ ಜೋರಾಗಿ ಓಡುತ್ತಿರಬೇಕು. ಬಂದ ಅಂಕಿ ಪ್ಲಸ್ ವೈರಿನಲ್ಲಿ ಕಳೆದುಹೋದ ವೋಲ್ಟ್. ನಮಗೆ 2.6 ಬಂತು. ಮೈನಸ್ ಕಡೆ ಹೀಗೇ ನೋಡಿದರೆ 0.6. ಅಂದಮೇಲೆ ಕಳ್ಳ ಪ್ಲಸ್ ಕಡೆ ಇದ್ದಾನೆ. ಆಮೇಲೆ ತುಂಡು ತುಂಡಾಗಿ ನೋಡುತ್ತಾ ಹೋಗಬೇಕು. ಬ್ಯಾಟರಿಯಿಂದ ಬ್ರೇಕರ್‌ವರೆಗೆ 0.1. ಬ್ರೇಕರಿನ ಒಂದು ಬದಿಯಿಂದ ಇನ್ನೊಂದು ಬದಿಗೆ 0.2. ಬ್ರೇಕರ್ ಆದಮೇಲೆ ಹಲಗೆಯ ಅಡಿ ವೈರಿಗೆ ಒಂದು ಜಾಯಿಂಟ್ ಹಾಕಿದ್ದರು, ಮೇಲೆ ಕಪ್ಪು ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಎಳೆದಿದ್ದರು. ಆ ಒಂದೇ ಜಾಯಿಂಟಿನಲ್ಲಿ 1.9 ವೋಲ್ಟ್! ಉಳಿದ 0.4 ವೈರಿನ ಉದ್ದಕ್ಕೆ.

ಸುಮಾರು 40 ಆಂಪ್ಸ್ ಅಂದುಕೊಂಡರೂ ಆ ಜಾಯಿಂಟಿನಲ್ಲಿ 75 ವ್ಯಾಟ್‌ನಷ್ಟು ಬಿಸಿ ಹುಟ್ಟುತ್ತಿತ್ತು. ಮನೆಯಲ್ಲಿ ಬಳಸುವ ಸೋಲ್ಡರಿಂಗ್ ಐರನ್ ಅಷ್ಟು ಬಿಸಿ ಕೊಡುವುದಿಲ್ಲ. ಆ ಬಿಸಿ ವೈರಿನ ಮೂಲಕ ಬ್ರೇಕರ್‌ವರೆಗೂ ಹರಿದು, ಬ್ರೇಕರ್ ಬೇಗ ಬೀಳುತ್ತಿತ್ತು. ಇಂಥ ಬ್ರೇಕರ್‌ಗಳು ಹೆಚ್ಚಾಗಿ ಬಿಸಿಗೇ ಬೀಳುವಂಥವು. ಈಗ ಆ ದೊಡ್ಡ ಬ್ರೇಕರ್ ಸಲಹೆ ನೆನಪಿಸಿಕೊಳ್ಳಿ. ಬ್ರೇಕರ್ ಇರುವುದು ಮೊದಲು ವೈರನ್ನು ಕಾಪಾಡುವುದಕ್ಕೆ. ದೊಡ್ಡದು ಹಾಕಿದ್ದರೆ ಅದು ಬೀಳುತ್ತಿರಲಿಲ್ಲ, ಹಲಗೆಯ ಕೆಳಗೆ ಜಾಯಿಂಟ್ ಇನ್ನೂ ಬಿಸಿಯಾಗುತ್ತಿತ್ತು. ಪೆಟ್ರೋಲ್ ಎಂಜಿನ್ನೂ ಇರುವ ದೋಣಿಗಳಲ್ಲಿ ಪೆಟ್ರೋಲಿನ ಪೈಪ್ ಅದೇ ಜಾಗದಲ್ಲಿ ಹೋಗಿರಬಹುದು. ನನಗೆ ಅಂಗಡಿಯವರ ಮೇಲೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. ದುಡ್ಡು ಹೋದರೆ ಮತ್ತೆ ದುಡಿಯಬಹುದು. ನೀರಿನ ನಡುವೆ ಬೆಂಕಿ ಹತ್ತಿದರೆ ಎಲ್ಲಿಗೆ ಓಡುವುದು?

ಸ್ಲೀವ್ ಕೊಯ್ದು ನೋಡಿದೆವು. ಒಳಗಿನ ಮೈ ಕಂದು ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಅಂಟು ಇರಲೇ ಇಲ್ಲ. ಒಳಗೆ ಅಂಟಿರುವ ಸ್ಲೀವ್ ಆದರೆ ಬಿಸಿ ಮಾಡಿದಾಗ ಅಂಟು ಕರಗಿ ಎರಡೂ ತುದಿಯಲ್ಲಿ ಹೊರಬಂದು ನೀರು ತಡೆಯುತ್ತದೆ. ಇದರಲ್ಲಿ ಎರಡೂ ತುದಿಯಿಂದ ನೀರು ಹೋಗಿತ್ತು. ಜಾಯಿಂಟಿನ ತಾಮ್ರದ ಮೇಲೆ ಹಸಿರು ಕಿಲುಬು. ಎಳೆಗಳ ಮೇಲೆ ಬಿಳಿ ಪುಡಿ. ಈ ಬಿಳಿ ಪುಡಿ ನೋಡಿ ಗೆಳೆಯನಿಗೆ ಅನುಮಾನ ಬಂತು. ಒಂದು ಎಳೆ ತೆಗೆದು ಚಾಕುವಿನಿಂದ ಕೆರೆದ. ಮೇಲಿನ ಕೆಂಪು ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ತಾಮ್ರದ ವೈರ್ ಅಂತ ಬಿಲ್ ಹಾಕಿ ಕೊಟ್ಟಿದ್ದು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ವೈರ್! ಸಿಸಿಎ ಅಂತ ಕರೆಯುವುದು ಇದನ್ನೇ. ಅಲ್ಯೂಮಿನಿಯಂ ಕರೆಂಟ್ ಒಯ್ಯುವುದು ತಾಮ್ರದ ಸುಮಾರು 61 ಶೇಕಡಾ ಮಾತ್ರ. ಸಾಲದ್ದಕ್ಕೆ ತಾಮ್ರ, ಅಲ್ಯೂಮಿನಿಯಂ, ನೀರು ಮೂರೂ ಸೇರಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ದೋಣಿಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಇಲ್ಲಿ ಒಂದು ಗೊಂದಲ ಆಗಬಹುದು. ದೋಣಿಗೆಂದೇ ಮಾಡುವ ಒಳ್ಳೆಯ ವೈರ್ ಕೂಡ ನೋಡಲು ಬೆಳ್ಳಗಿರುತ್ತದೆ. ಅದು ತವರ ಲೇಪಿಸಿದ ತಾಮ್ರ. ಮೇಲೆ ಬಿಳಿ, ಕೆರೆದರೆ ಒಳಗೆ ಕೆಂಪು. ಸಿಸಿಎ ಇದರ ತಿರುಗಾಮುರುಗಾ. ವೈರ್ ಕೊಳ್ಳುವಾಗ ಒಂದೇ ಒಂದು ಎಳೆ ಕೆರೆದು ನೋಡಿ, ಅಲ್ಲೇ ಗೊತ್ತಾಗುತ್ತದೆ. ಅಂಗಡಿಯವರು ಕೆರೆಯಲು ಬಿಡದಿದ್ದರೆ ಎದ್ದು ಬನ್ನಿ.

ದಪ್ಪದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬ್ಯಾಟರಿಯಿಂದ ಮೋಟರ್‌ಗೆ 6 ಮೀಟರ್ ಅಂದರೆ ಹೋಗಿ ಬರುವುದು 12 ಮೀಟರ್. ನಿಜವಾದ ತಾಮ್ರದ 16 ಸ್ಕ್ವೇರ್ ಎಂಎಂ ವೈರಿನಲ್ಲಿ 50 ಆಂಪ್ಸ್‌ಗೆ ಸುಮಾರು 0.65 ವೋಲ್ಟ್ ಇಳಿಯುತ್ತದೆ. 10 ಸ್ಕ್ವೇರ್ ಎಂಎಂ ಹಾಕಿದರೆ 1 ವೋಲ್ಟ್ ದಾಟುತ್ತದೆ. ನಾವು 16ರದ್ದೇ ತವರ ಲೇಪದ ವೈರ್ ತಂದು, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ ಎಳೆದೆವು. ಅದೇ ಹಳೇ ಮೋಟರ್ ಮೊದಲಿನ ಹಾಗೆ ಎಳೆಯಿತು. ಈಗ ಜೋರಾಗಿ ಓಡುವಾಗ ಒಟ್ಟು ಇಳಿಕೆ 0.8 ವೋಲ್ಟ್.

ಮೋಟರ್ ನಿಂತಿತು ಅಂದರೆ ಯಾವಾಗಲೂ ವೈರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮೋಟರ್ ಸದ್ದು ಬರುತ್ತದೆ, ದೋಣಿ ಹೋಗುವುದಿಲ್ಲ ಅಂದರೆ ಪ್ರೊಪೆಲ್ಲರ್ ಹಿಡಿದಿರುವ ಪಿನ್ ಮುರಿದಿರಬಹುದು, ಸುಮ್ನೆ ಗಾಬರಿ ಬೇಡ. ಹಳೇ ಕಾಲದ ಐದು ಗೇರಿನ ಮೋಟರ್ ಕೊನೆಯ ಗೇರಿನಲ್ಲಿ ಮಾತ್ರ ಓಡಿದರೆ ಸ್ಪೀಡ್ ಕಾಯಿಲ್ (ಕರೆಂಟ್ ತಡೆದು ವೇಗ ತಗ್ಗಿಸುವ ಸುರುಳಿ) ನೋಡಬೇಕು. ತಟ್ಟಿದರೆ ಓಡುತ್ತದೆ ಅಂದರೆ ಕಾರ್ಬನ್ ಬ್ರಶ್ ಮೇಲೆ ಅನುಮಾನ ಪಡಬಹುದು. ಲಿಥಿಯಂ ಬ್ಯಾಟರಿ ಇದ್ದವರಿಗೆ ಒಮ್ಮೆಲೇ ಎಲ್ಲಾ ಆಫ್ ಆದರೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಪಾಡುವ ಸರ್ಕ್ಯೂಟ್) ತಾನೇ ಕಟ್ ಮಾಡಿರಬಹುದು. ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಗಾಳದ ದಾರದ ಕಾಟ. ದಾರ ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಕೊಯ್ಯುತ್ತದೆ. ನೀರು ಒಳಗೆ ಹೋಗಿ ನಿಜವಾಗಿಯೂ ಮೋಟರ್ ಹಾಳಾಗುವುದು ಆಗ. ಆಗಾಗ ಪ್ರೊಪೆಲ್ಲರ್ ಬಿಚ್ಚಿ ನೋಡುತ್ತಿರಿ.

ಪರೀಕ್ಷೆ ಮಾಡುವವರು ಕೆಲವು ಮಾತು ಕೇಳಿ. ದಡದ ಮೇಲೆ ಏನೇ ಮಾಡುವುದಿದ್ದರೂ, ಬ್ಯಾಟರಿ ಜೋಡಿಸುವ ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ನೀರಿನಲ್ಲಿ ಅಳೆಯುವಾಗ ಹತ್ತಿರ ಯಾರೂ ಈಜುತ್ತಿರಬಾರದು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದರ ಹತ್ತಿರ ಕಿಡಿ ಹಾರಿಸಬೇಡಿ. ಚಾರ್ಜರ್ ತೆಗೆದ ತಕ್ಷಣ ವೋಲ್ಟೇಜ್ ನೋಡಿದರೆ ಸುಳ್ಳು ಹೇಳುತ್ತದೆ, ಕೆಲವು ಗಂಟೆ ಬಿಟ್ಟು ನೋಡಿ. ಬ್ಯಾಟರಿ ಮೇಲೆ ಕೈಯಲ್ಲಿ ತಿರುಗಿಸುವ ಚಿಟ್ಟೆ ನಟ್ ಇದ್ದರೆ ತೆಗೆದುಹಾಕಿ. ದೋಣಿಯ ಅಲುಗಾಟಕ್ಕೆ ಅದು ಸಡಿಲ ಆಗುತ್ತದೆ. ಷಡ್ಭುಜ ನಟ್ ಹಾಕಿ, ಲಾಕ್ ವಾಷರ್ ಇಟ್ಟು, ಸ್ಪ್ಯಾನರಿನಿಂದ ಬಿಗಿಮಾಡಿ. ಜೋರಾಗಿ ಓಡಿಸಿದ ಮೇಲೆ ಮೋಟರ್ ಆಫ್ ಮಾಡಿ ಪ್ರತಿ ಜಾಯಿಂಟಿನ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಬಿಸಿ ಇದ್ದರೆ ಅದನ್ನೇ ಬಿಚ್ಚಿ.

ಬೋರ್ಡಿನ ದುಡ್ಡು ನನಗೆ ಇವತ್ತಿಗೂ ವಾಪಸ್ ಬಂದಿಲ್ಲ. ಕೊಯ್ದ ಜಾಯಿಂಟ್, ಅಳತೆ ಬರೆದ ಹಾಳೆ ಎರಡನ್ನೂ ಅಂಗಡಿಯವರ ಮುಂದೆ ಇಟ್ಟೆ. "ಬೋರ್ಡೂ ಹೋಗಿತ್ತು ಸರ್" ಅಂದರು. ಹಾಗಾದರೆ ಹಳೇ ಬೋರ್ಡ್ ತೋರಿಸಿ ಅಂದೆ. ಎಸೆದುಬಿಟ್ಟಿದ್ದೇವೆ ಅಂದರು. ಆದ್ದರಿಂದ ರಿಪೇರಿಗೆ ಕೊಡುವಾಗಲೇ, ಬದಲಿಸಿದ ಹಳೇ ಭಾಗ ನನಗೆ ವಾಪಸ್ ಬೇಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಇರಲಿ: ನೀರಿನಲ್ಲಿ ಪೂರ್ತಿ ವೇಗದಲ್ಲಿ ಓಡಿಸಿ, ಬ್ಯಾಟರಿ ಹತ್ತಿರ ಮತ್ತು ಮೋಟರ್ ಪ್ಲಗ್ಗಿನಲ್ಲಿ ಬಂದ ವೋಲ್ಟ್ ಎರಡನ್ನೂ ಬರೆದುಕೊಡಬೇಕು.