ಪ್ಲಿಕರ್ಸ್ ಕಾರ್ಡು: ಒಂದೇ ಫೋನಿರುವ ತರಗತಿಗೆ ಎಷ್ಟು ಉಪಯೋಗ?

"ತಿಳೀತಾ?" ಅಂದರೆ ಕೊಪ್ಪಳದಲ್ಲೂ ರಾಯಚೂರಲ್ಲೂ ಇಡೀ ಕ್ಲಾಸು ಒಂದೇ ದನಿಯಲ್ಲಿ "ಹೂನ್ರೀ ಸರ್" ಅನ್ನುತ್ತದೆ. ಯಾರಿಗೆ ತಿಳಿದಿಲ್ಲ ಅನ್ನುವುದು ಪರೀಕ್ಷೆಯವರೆಗೂ ಹೊರಬೀಳುವುದಿಲ್ಲ. ಪ್ಲಿಕರ್ಸ್ ಅನ್ನುವ ಆ್ಯಪು ಇದನ್ನು ಒಂದು ನಿಮಿಷದೊಳಗೆ ಬಯಲು ಮಾಡುತ್ತದೆ, ಅದೂ ಮೇಷ್ಟ್ರ ಒಂದೇ ಫೋನಿನಲ್ಲಿ. ಪ್ರತಿ ಮಗುವಿಗೊಂದು ಕಾಗದದ ಕಾರ್ಡು. ನಡುವೆ ಕಪ್ಪು ಆಕೃತಿ, ನಾಲ್ಕು ಬದಿಗೆ ಸಣ್ಣಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಎತ್ತಿ ಹಿಡಿದರೆ ಕ್ಯಾಮೆರಾ ಓದಿಕೊಳ್ಳುತ್ತದೆ. ಒಬ್ಬರ ಆಕೃತಿ ಇನ್ನೊಬ್ಬರಿಗಿಲ್ಲ. ಹಾಗಾಗಿ ಪಕ್ಕದವನ ಕಾರ್ಡು ನೋಡಿ ನಕಲು ಮಾಡುವುದು ಕಷ್ಟ.

ಕಾರ್ಡಿನ ಫೈಲು ಉಚಿತ. 40 ಕಾರ್ಡುಗಳ ಸೆಟ್ಟು, ಹಾಳೆಗೆ ಎರಡರಂತೆ 20 ಎ4 ಹಾಳೆ. ದೊಡ್ಡ ಸೆಕ್ಷನ್ನಿಗೆ 63ರ ಸೆಟ್ಟಿದೆ. ದಪ್ಪ ಕಾರ್ಡ್‌ಶೀಟಿನ ಮೇಲೆ ಪ್ರಿಂಟ್ ಹಾಕಿಸಿ, ಆದರೆ ಝೆರಾಕ್ಸ್ ಅಂಗಡಿಯವರು ಎಷ್ಟೇ ಹೇಳಿದರೂ ಹೊಳೆಯುವ ಲ್ಯಾಮಿನೇಶನ್ ಬೇಡ. ನಮ್ಮ ಕಡೆಯ ಬಿಸಿಲು ಕಿಟಕಿಯಿಂದ ಬಿದ್ದರೆ ಕಾರ್ಡು ಕನ್ನಡಿಯಾಗುತ್ತದೆ, ಕ್ಯಾಮೆರಾಗೆ ಏನೂ ಕಾಣುವುದಿಲ್ಲ.

ಮೊದಲ ವಾರ ತಪ್ಪು ಎಣಿಕೆ ಬರುವುದು ಹೆಚ್ಚಾಗಿ ಕೈಯಿಂದ. ಬೆರಳು ಕಪ್ಪು ಭಾಗವನ್ನು ಮುಚ್ಚಿದರೆ ಆ ಮಗು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ತಪ್ಪು ಕಣ್ಣಿಗೆ ಬೀಳದಂಥದ್ದು: ಅಕ್ಷರ ನೋಡಿಕೊಂಡು ಕಾರ್ಡನ್ನು ಮೇಷ್ಟ್ರ ಕಡೆ ತಿರುಗಿಸುವಾಗ ದೋಸೆ ಮಗುಚಿದ ಹಾಗೆ ಮಗುಚಿದರೆ ಮೇಲಿನ ಅಂಚು ಕೆಳಗಾಗಿ, ಎದುರು ಬದಿಯ ಅಕ್ಷರ ದಾಖಲಾಗುತ್ತದೆ. ಸರಿಯುತ್ತರ ಗೊತ್ತಿದ್ದ ಹುಡುಗಿಗೂ ಕೆಂಪು ಬೀಳುತ್ತದೆ. ಇದಕ್ಕೆ ಕಾರ್ಡಿನ ಹಿಂಬದಿ, ಅದೇ ಅಂಚಿಗೆ ಅದೇ ಅಕ್ಷರವನ್ನು ಪೆನ್ಸಿಲಿನಲ್ಲಿ ಸಣ್ಣಗೆ ಬರೆದುಕೊಡಿ. ಮಗುಚುವ ಗೋಜೇ ಇರುವುದಿಲ್ಲ.

ಇಷ್ಟಾದರೂ ಇದನ್ನು ಬರೀ ಕಿರುಪರೀಕ್ಷೆಗೆ ಬಳಸಿದರೆ ದಂಡ. ಇದರ ಬೆಲೆ ತಿಳಿಯುವುದು ಎರಡನೇ ಸಲ ಕಾರ್ಡು ಎತ್ತಿಸಿದಾಗ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬೆಳೆಸಿದ ಕ್ರಮವಿದು: ಸರಿಯುತ್ತರ ಸುಮಾರು 30ರಿಂದ 70 ಶೇಕಡಾ ನಡುವೆ ಬಂದರೆ ಉತ್ತರ ಹೇಳಬಾರದು, ಬೇರೆ ಉತ್ತರ ಕೊಟ್ಟ ಪಕ್ಕದವರೊಡನೆ ವಾದಕ್ಕೆ ಬಿಡಬೇಕು, ಮತ್ತೆ ಕೇಳಬೇಕು. 45 ಮಕ್ಕಳಿದ್ದರೆ 14ರಿಂದ 31. ಅದಕ್ಕೂ ಕಡಿಮೆಯಾದರೆ ಪಾಠವನ್ನೇ ಮತ್ತೆ ಮಾಡಬೇಕು. ಹೆಚ್ಚಾದರೆ ಮುಂದಕ್ಕೆ ಹೋಗಬಹುದು.

ಪ್ರಶ್ನೆಯೂ ವಾದ ಹುಟ್ಟಿಸುವ ಹಾಗಿರಬೇಕು. "ಮುನಿರಾಬಾದಿನ ತುಂಗಭದ್ರಾ ಡ್ಯಾಮಿಗೆ ಎಷ್ಟು ಗೇಟು?" ಅಂತ ಕೇಳಿದರೆ 33 ಅನ್ನುವುದು ಗೊತ್ತಿದ್ದವರಿಗೆ ಗೊತ್ತು, ವಾದಿಸಲು ಏನಿದೆ? ಇದನ್ನು ಕೇಳಿ ನೋಡಿ: ಅದೇ ಡ್ಯಾಮಿನಲ್ಲಿ ನೀರಿನ ಮೇಲ್ಮೈಯಿಂದ 10 ಮೀಟರ್ ಕೆಳಗೆ, ಹೊಲದ ಬಾವಿಯಲ್ಲೂ 10 ಮೀಟರ್ ಕೆಳಗೆ, ನೀರಿನ ಒತ್ತಡ ಎಲ್ಲಿ ಹೆಚ್ಚು? ಎ, ಡ್ಯಾಮು. ಬಿ, ಬಾವಿ. ಸಿ, ಎರಡೂ ಕಡೆ ಒಂದೇ. ಡಿ, ಬಾವಿಯ ಅಗಲ ತಿಳಿಯದೆ ಹೇಳಲಾಗದು. "ಡ್ಯಾಮಿನ್ಯಾಗ ಅಷ್ಟ್ ನೀರ್ ಐತಲ್ಲ" ಅನ್ನುವ ತರ್ಕ ಎ ಕಡೆಗೆ ಎಳೆಯುತ್ತದೆ. ಉತ್ತರ ಸಿ, ಒತ್ತಡ ಆಳಕ್ಕೆ ತಕ್ಕಂತೆ, ಒಟ್ಟು ನೀರಿಗೆ ತಕ್ಕಂತಲ್ಲ. ಎರಡನೇ ಎಣಿಕೆ ಆದಮೇಲೆ ಬಕೆಟ್ಟಿಗೂ ಬಾಟ್ಲಿಗೂ ನೀರಿನ ಮಟ್ಟದಿಂದ ಒಂದೇ ಆಳಕ್ಕೆ, ಒಂದೇ ಮೊಳೆಯಲ್ಲಿ ತೂತು ಹೊಡೆದು, ಎರಡೂ ತೂತು ನೆಲದಿಂದ ಒಂದೇ ಎತ್ತರಕ್ಕೆ ಬರುವಂತಿಟ್ಟು ತೋರಿಸಿ. ಎರಡರ ಧಾರೆಯೂ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬೀಳುತ್ತದೆ.

ಕೊರತೆಗಳೂ ಇವೆ. ಬಹು ಆಯ್ಕೆ ಮತ್ತು ಸರಿ-ತಪ್ಪು ಪ್ರಶ್ನೆ ಬಿಟ್ಟು ಬೇರೇನೂ ಸಾಗುವುದಿಲ್ಲ. ಮಗು ಎರಡು ಸಾಲು ಸ್ವಂತ ಬರೆಯುತ್ತದೆಯೇ ಅನ್ನುವುದಕ್ಕೆ ನೋಟ್‌ಬುಕ್ಕೇ ಗತಿ. ಉಚಿತ ಖಾತೆಯಲ್ಲಿ ಒಂದು ಪ್ರಶ್ನೆ ಸೆಟ್ಟಿಗೆ 5 ಪ್ರಶ್ನೆಯ ಮಿತಿ. ದೂರಬೇಕಿಲ್ಲ, ವಾದ ಸೇರಿ 40 ನಿಮಿಷದ ಪೀರಿಯಡ್ಡಿಗೆ ಎರಡೇ ಹೆಚ್ಚು. ಪ್ರೊಜೆಕ್ಟರ್ ಇಲ್ಲದಿದ್ದರೆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರಾಯಿತು. ಆ್ಯಪಿಗೆ ನೆಟ್ ಬೇಕು. ಸಿಗ್ನಲ್ ಕೈಕೊಡುವ ಊರಲ್ಲಿ ಪಾಠ ಶುರುವಾಗುವ ಮೊದಲೇ ಆ್ಯಪಿನಲ್ಲಿ ನಿಮ್ಮ ತರಗತಿ ತೆರೆದಿಟ್ಟುಕೊಳ್ಳಿ. ಮಕ್ಕಳ ಹೆಸರು ತುಂಬುವ ಜಾಗದಲ್ಲಿ ಹಾಜರಿ ನಂಬರು ಸಾಕು. ಕಾರ್ಡಿನ ನಂಬರೂ ಅದೇ ಇರಲಿ, ಹಂಚುವಾಗ ಗಲಾಟೆ ಇರುವುದಿಲ್ಲ.